ಪಗನೀನಿಯ ಕ್ಯಾಪ್ರಿಸ್: ಬೆರಳಿನ ಸರ್ಕಸ್ಸೋ, ಸಂಗೀತವೋ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಎಂಟು ವರ್ಷದಿಂದ ಪಾಶ್ಚಾತ್ಯ ಶೈಲಿಯ ಪಿಟೀಲು ಕಲಿಯುತ್ತಿದ್ದಾಳೆ. ಆರು ತಿಂಗಳಿಂದ ಇಟಲಿಯ ಪಿಟೀಲುವಾದಕ ಪಗನೀನಿಯ 24ನೇ ಕ್ಯಾಪ್ರಿಸ್ (ಒಂಟಿ ಪಿಟೀಲಿಗೆ ಬರೆದ ಕಠಿಣ ತುಣುಕು) ಹಿಡಿದು ಕೂತಿದ್ದಾಳೆ. ವೀಡಿಯೊ ನೋಡಿ ತಾನೇ ಶುರು ಮಾಡಿದ್ದು. ಅವಳ ಮೇಷ್ಟ್ರು ‘ಇನ್ನೂ ಎರಡು ವರ್ಷ ಬೇಡ’ ಅಂದರೂ ಕೇಳುತ್ತಿಲ್ಲ. ಈಗ ಎರಡು ವಾರದಿಂದ ಎಡ ಮಣಿಕಟ್ಟು ನೋಯುತ್ತಿದೆ. ನನ್ನ ಮಾವನವರು ಮೈಸೂರಲ್ಲಿ ಚೌಡಯ್ಯನವರ ಕಚೇರಿ ಕೇಳಿ ಬೆಳೆದವರು. ‘ಇದು ಬೆರಳಿನ ಸರ್ಕಸ್ಸು, ಸಂಗೀತ ಎಲ್ಲಿದೆ?’ ಅನ್ನುತ್ತಾರೆ. ‘ಹಾಗಾದ್ರೆ ಲಿಸ್ಟ್, ಬ್ರಾಮ್ಸ್, ರಾಖ್ಮಾನಿನೋವ್ ಥರದ ದೊಡ್ಡ ಸಂಗೀತ ರಚನೆಕಾರರೆಲ್ಲ ಇದನ್ನೇ ಯಾಕೆ ತಗೊಂಡ್ರು ತಾತ?’ ಅಂತ ಮಗಳು ಕೇಳುತ್ತಾಳೆ. ಇಬ್ಬರಿಗೂ ಹೇಳಲು ನನ್ನ ಬಳಿ ಉತ್ತರ ಇಲ್ಲ. ಪಗನೀನಿಯ ಕೈಯೇ ಬೇರೆ ಥರ ಇತ್ತು, ಮಾಮೂಲಿ ಕೈಗೆ ಅದು ಸಾಧ್ಯವೇ ಇಲ್ಲ ಅಂತಲೂ ಓದಿದೆ. ದೆವ್ವಕ್ಕೆ ಆತ್ಮ ಮಾರಿಕೊಂಡಿದ್ದ ಅನ್ನುವ ಕತೆಯೂ ಇದೆ. ಇವಳನ್ನು ಮುಂದುವರಿಯಲು ಬಿಡಲೇ, ತಡೆಯಲೇ?

ಉತ್ತರ: ಮೊದಲು ಕೈ ವಿಷಯ ಮುಗಿಸೋಣ. ಉಳಿದದ್ದಕ್ಕೆ ಆಮೇಲೆ ಬರುತ್ತೇನೆ.

ನೋವಿರುವ ಕೈಯಲ್ಲಿ 24ನೇ ಕ್ಯಾಪ್ರಿಸ್ ಇವತ್ತೇ ನಿಲ್ಲಬೇಕು. ಎರಡು ವಾರ ಬಿಡದೆ ನೋಯುತ್ತಿದೆ ಅಂದರೆ ಅದನ್ನು ಕೀಲು-ಮೂಳೆ ವೈದ್ಯರಿಗೆ ತೋರಿಸಬೇಕು. ಪಿಟೀಲು ಜೊತೆಗೇ ತೆಗೆದುಕೊಂಡು ಹೋಗಿ. ಅವಳು ಅದನ್ನು ಹಿಡಿಯುವ ಭಂಗಿ ನೋಡಿದರೆ ವೈದ್ಯರಿಗೂ ಸುಲಭ. ‘ನೋವು ಸಹಿಸಿಕೊಂಡು ನುಡಿಸಿದರೆ ಕೈ ಗಟ್ಟಿಯಾಗುತ್ತದೆ’ ಅನ್ನುವ ಮಾತನ್ನು ಯಾರೇ ಹೇಳಿದರೂ ನಂಬಬೇಡಿ. ನಾನು 17ನೇ ವಯಸ್ಸಿನಲ್ಲಿ ಅದನ್ನು ನಂಬಿದ್ದೆ. ಆಮೇಲೆ ನಾಲ್ಕು ತಿಂಗಳು ಪಿಟೀಲು ಮುಟ್ಟಲಾಗಲಿಲ್ಲ. ಅದೂ ಇದೇ ಕ್ಯಾಪ್ರಿಸ್‌ನಿಂದ.

ಇನ್ನು ನಿಮ್ಮ ಪತ್ರದ ಉಳಿದ ಭಾಗ. ನಾನು ಓದಿಕೊಂಡ ಪ್ರಕಾರ ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಒಂದೇ ವಾದ. ಇಷ್ಟು ಕಷ್ಟಪಟ್ಟು, ಕೈ ನೋಯಿಸಿಕೊಂಡು ಕಲಿಯುವಂಥದ್ದು ಇದರಲ್ಲಿ ಏನಾದರೂ ಇದೆಯೋ, ಇಲ್ಲವೋ? ಇದೆ. ಆದರೆ ನಿಮ್ಮ ಮಾವನವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರು ಕೇಳುತ್ತಿರುವುದು ಸರಿಯಾದ ಪ್ರಶ್ನೆ.

ದೆವ್ವದ ಕತೆಯನ್ನು ಮೊದಲು ಬದಿಗಿಡೋಣ. ನಿಕೊಲೊ ಪಗನೀನಿ ಹುಟ್ಟಿದ್ದು 1782ರಲ್ಲಿ, ಇಟಲಿಯ ಬಂದರು ಊರು ಜೆನೋವಾದಲ್ಲಿ. ತೆಳ್ಳಗೆ, ಬಿಳಿಚಿಕೊಂಡು, ಕಪ್ಪು ಬಟ್ಟೆ ಹಾಕಿಕೊಂಡು ವೇದಿಕೆಗೆ ಬರುತ್ತಿದ್ದ. ಅವನು ನುಡಿಸುತ್ತಿದ್ದಂಥದ್ದನ್ನು ಜನ ಅದುವರೆಗೆ ಕೇಳಿರಲಿಲ್ಲ. ಕಾರಣ ಗೊತ್ತಾಗದಾಗ ಕತೆ ಹುಟ್ಟುತ್ತದೆ, ಅಲ್ವಾ? ಜೈಲಿನಲ್ಲಿ ಒಂದೇ ತಂತಿ ಇಟ್ಟುಕೊಂಡು ಕಲಿತ ಅಂದರು. ದೆವ್ವ ಅವನ ಕಮಾನು ಹಿಡಿದು ಎಳೆಯುವುದನ್ನು ಕಂಡೆ ಅಂದವರೂ ಇದ್ದರು. 1831ರಲ್ಲಿ ಪಗನೀನಿ ಪ್ಯಾರಿಸ್ಸಿನ ಒಂದು ಸಂಗೀತ ಪತ್ರಿಕೆಗೆ ಪತ್ರ ಬರೆದು ಇದನ್ನೆಲ್ಲ ಅಲ್ಲಗಳೆದ. ಪ್ರಯೋಜನ ಆಗಲಿಲ್ಲ. 1840ರಲ್ಲಿ ನೀಸ್ ಊರಿನಲ್ಲಿ ತೀರಿಕೊಂಡಾಗ ಕೊನೆಯ ಧಾರ್ಮಿಕ ವಿಧಿ ಆಗಿರಲಿಲ್ಲ ಅಂತ ಚರ್ಚ್ ಅವನಿಗೆ ಮಣ್ಣು ಕೊಡಲಿಲ್ಲ. ಶವಪೆಟ್ಟಿಗೆ ಊರಿಂದ ಊರಿಗೆ ಅಲೆಯಿತು. 1876ರಲ್ಲಷ್ಟೇ ಪಾರ್ಮಾ ಊರಿನ ಸ್ಮಶಾನದಲ್ಲಿ ಜಾಗ ಸಿಕ್ಕಿತು. ಈ ಕತೆಯಿಂದ ಅವನಿಗೆ ಟಿಕೆಟ್ಟು ಮಾರಾಟವಾಗಿರಬಹುದು. ಆದರೆ ಅವನ ಮಗನಿಗೆ ಅಪ್ಪನ ಪೆಟ್ಟಿಗೆ ಹೊತ್ತುಕೊಂಡು ಅಲೆಯುವ ಹಾಗಾಯಿತು. ನನಗೆ ಈ ಕತೆ ಯಾವತ್ತೂ ರೋಚಕ ಅನ್ನಿಸಿಲ್ಲ.

ಕೈಯ ಕತೆಯಲ್ಲಿ ಅರ್ಧ ಸತ್ಯ ಇದೆ. ಬೆನ್ನಾತಿ ಎಂಬ ವೈದ್ಯರು ಪಗನೀನಿಯನ್ನು ಪರೀಕ್ಷಿಸಿ 1831ರಲ್ಲಿ ಬರೆದಿದ್ದಾರೆ. ಕೈ ಅಳತೆಯಲ್ಲಿ ದೊಡ್ಡದಲ್ಲ. ಕೀಲುಗಳು ಮಾತ್ರ ವಿಪರೀತ ಸಡಿಲ. ಹಾಗಾಗಿ ಬೆರಳು ಬಹಳ ದೂರ ಚಾಚುತ್ತಿತ್ತು. ಹುಟ್ಟಿನಿಂದ ಬಂದ ಯಾವುದೋ ಅಂಗಾಂಶದ ತೊಂದರೆ ಇದ್ದಿರಬೇಕು ಅಂತ ಇವತ್ತಿನ ವೈದ್ಯರು ಊಹಿಸುತ್ತಾರೆ, ಅಷ್ಟೇ. ಆದರೆ ‘ಮಾಮೂಲಿ ಕೈಗೆ ಸಾಧ್ಯವೇ ಇಲ್ಲ’ ಅನ್ನುವುದು ಸುಳ್ಳು. ಇವತ್ತು ಸಣ್ಣ ಕೈಯವರೂ 24 ಕ್ಯಾಪ್ರಿಸ್‌ಗಳನ್ನೂ ನುಡಿಸುತ್ತಾರೆ. ಎಷ್ಟು ದೂರ ಚಾಚುತ್ತೀರಿ ಅನ್ನುವುದಕ್ಕಿಂತ ಯಾವ ಬೆರಳಿನಿಂದ ಚಾಚುತ್ತೀರಿ ಅನ್ನುವುದು ಮುಖ್ಯ. ಎರಡು ತಂತಿಯ ಮೇಲೆ ಹತ್ತು ಸ್ವರ ಅಂತರದ ಜೋಡಿ ಹಿಡಿಯಬೇಕಾದಾಗ ಮಕ್ಕಳು ತೋರುಬೆರಳನ್ನು ಮೊದಲು ಊರಿ, ಕಿರುಬೆರಳನ್ನು ಜಗ್ಗಿ ಮೇಲಕ್ಕೆ ಎಳೆಯುತ್ತಾರೆ. ಮಣಿಕಟ್ಟು ಸೊಟ್ಟಗಾಗುತ್ತದೆ, ಹೆಬ್ಬೆರಳು ಪಿಟೀಲಿನ ಕತ್ತನ್ನು ಹಿಸುಕುತ್ತದೆ. ನಿಮ್ಮ ಮಗಳೂ ಹೀಗೇ ಮಾಡುತ್ತಿರಬಹುದು ಅಂತ ನನ್ನ ಅನುಮಾನ. ಮಾಡಬೇಕಾದದ್ದು ಇದರ ಉಲ್ಟಾ. ಕಿರುಬೆರಳನ್ನು ಆರಾಮಾಗಿ ಅದರ ಜಾಗದಲ್ಲಿ ಇಟ್ಟು, ತೋರುಬೆರಳನ್ನು ಹಿಂದಕ್ಕೆ ಚಾಚಬೇಕು. ತೋರುಬೆರಳು ಹಿಂದಕ್ಕೆ ಸುಲಭವಾಗಿ ಹೋಗುತ್ತದೆ. ಮೇಜಿನ ಮೇಲೆ ಅಂಗೈ ಇಟ್ಟು ಈಗಲೇ ನೋಡಿ, ನಿಮಗೇ ಗೊತ್ತಾಗುತ್ತದೆ.

ಈಗ ಸರ್ಕಸ್ಸಿನ ಮಾತು.

ಪಗನೀನಿ ಈ 24 ತುಣುಕುಗಳನ್ನು ಬರೆದದ್ದು 1802ರಿಂದ 1817ರ ಒಳಗೆ. ಮಿಲಾನಿನ ರಿಕಾರ್ಡಿ ಸಂಸ್ಥೆ ಅಚ್ಚು ಹಾಕಿದ್ದು 1820ರಲ್ಲಿ. ಇಟಲಿ ಬಿಟ್ಟು ವಿಯೆನ್ನಾಕ್ಕೆ ಹೋಗಿ ಅವನು ಯುರೋಪಿನಲ್ಲಿ ಹೆಸರು ಮಾಡಿದ್ದು 1828ರ ನಂತರ. ಅರ್ಪಣೆಯಲ್ಲಿ ಯಾವ ರಾಜನ ಹೆಸರೂ ಇಲ್ಲ. ‘ಕಲಾವಿದರಿಗೆ’ ಅಂತಷ್ಟೇ ಇದೆ. ಅಂದರೆ ಇವು ಜನರನ್ನು ದಂಗುಬಡಿಸಲಿಕ್ಕೆ ಬರೆದ ತುಣುಕುಗಳಲ್ಲ. ಕಸುಬು ಗೊತ್ತಿರುವವರ ಮುಂದೆ ಇಟ್ಟ ಪುಸ್ತಕ. ಅವನಿಗಿಂತ ಮೊದಲೂ ಈ ದಾರಿ ಇತ್ತು. ಲೊಕಾತೆಲ್ಲಿ ಎಂಬ ಪಿಟೀಲುವಾದಕ 1733ರಲ್ಲೇ 24 ಕ್ಯಾಪ್ರಿಸ್ ಅಚ್ಚು ಹಾಕಿಸಿದ್ದ. ಬಾಖ್ 1720ರಲ್ಲಿ ಒಂಟಿ ಪಿಟೀಲಿಗೆ ಆರು ಕೃತಿ ಬರೆದಿಟ್ಟಿದ್ದ.

ಪಗನೀನಿ ಮಾಡಿದ ಹೊಸ ಕೆಲಸ ಏನು? ಒಂದೊಂದು ಕ್ಯಾಪ್ರಿಸ್‌ಗೂ ಒಂದು ಕಷ್ಟ ಆರಿಸಿಕೊಂಡ. ಆ ಕಷ್ಟವೇ ಮಾತಾಡುವ ಹಾಗೆ ಮಾಡಿದ. 9ನೆಯದನ್ನು ತೆಗೆದುಕೊಳ್ಳಿ. ಮೇಲಿನ ಎರಡು ತಂತಿಯಲ್ಲಿ ಒಂದು ಪಲುಕು ಬರುತ್ತದೆ. ಅಲ್ಲಿ ‘ಕೊಳಲಿನ ಹಾಗೆ’ ಅಂತ ಬರೆದಿದ್ದಾನೆ. ಅದೇ ಪಲುಕು ಕೆಳಗಿನ ತಂತಿಗಳಿಗೆ ಇಳಿದಾಗ ‘ಕೊಂಬಿನ ಹಾಗೆ’ ಅಂತ ಬರೆದಿದ್ದಾನೆ. ಜೋಡಿ ಸ್ವರ ಹಿಡಿಯುವುದು ಕಷ್ಟ, ನಿಜ. ಆದರೆ ಕೇಳುವವರಿಗೆ ಅಲ್ಲಿ ಕಾಡು ಕಾಣುತ್ತದೆ, ಬೇಟೆಗೆ ಹೊರಟವರು ಕಾಣುತ್ತಾರೆ. 16ನೆಯದರಲ್ಲಿ ಒಂದೂ ಜೋಡಿ ಸ್ವರ ಇಲ್ಲ ಅನ್ನಬಹುದು. ಒಂದೇ ಸಮನೆ ಓಡುವ ಸ್ವರಗಳು, ಅಷ್ಟೇ. ಆದರೆ ಒತ್ತು ಬೀಳಬಾರದ ಜಾಗದಲ್ಲಿ ಫಕ್ಕನೆ ಒತ್ತು ಬೀಳುತ್ತದೆ. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬ ಹುಡುಗಿ ಅದನ್ನು ಮೂರು ತಿಂಗಳು ಮೆಷಿನ್ನಿನ ಹಾಗೆ ನುಡಿಸಿದಳು. ಒಂದು ದಿನ ಪಿಟೀಲು ಕೆಳಗಿಡಿಸಿ, ಒತ್ತು ಬೀಳುವ ಕಡೆ ಮಾತ್ರ ಚಪ್ಪಾಳೆ ಹೊಡೆಸಿದೆ. ಎರಡನೇ ಸಾಲು ಮುಗಿಯುವುದರಲ್ಲಿ ನಿಲ್ಲಿಸಿ, ‘ಸಾರ್, ಇದು ಯಾರೋ ಎಡವುತ್ತಾ ಎಡವುತ್ತಾ ಓಡ್ತಿರೋ ಹಾಗಿದೆ’ ಅಂದಳು. ಅವತ್ತಿನಿಂದ ಅವಳ ಕೈಯಲ್ಲಿ ಅದು ಸಂಗೀತವಾಯಿತು.

ಹಾಗಾದರೆ ಸರ್ಕಸ್ಸು ಅನ್ನುವುದು ಸುಳ್ಳೇ? ಎಲ್ಲ ಸಲವೂ ಅಲ್ಲ. ವೀಡಿಯೊಗಳಲ್ಲಿ ಕಾಣುವ ಎಷ್ಟೋ ನುಡಿಸಾಣಿಕೆ ಬರೀ ವೇಗದ ಪ್ರದರ್ಶನ. ಮಾವನವರು ಅಂಥದ್ದನ್ನು ಕೇಳಿದ್ದರೆ ಅವರ ಕಿವಿ ಸರಿಯಾಗೇ ಇದೆ.

ಮಗಳ ಪ್ರಶ್ನೆಗೆ ಬರೋಣ. ಅಷ್ಟೊಂದು ಮಂದಿ ಇದನ್ನೇ ಯಾಕೆ ತೆಗೆದುಕೊಂಡರು?

24ನೆಯದರ ವಸ್ತು, ಅಂದರೆ ಮೂಲ ಧಾಟಿ, ನೋಡಿ. ಎ ಸ್ವರವನ್ನು ಷಡ್ಜ ಅಂತ ಇಟ್ಟುಕೊಂಡರೆ ಶುರುವಾಗುವುದು ಹೀಗೆ: ಸ, ಸಸಗರಿಸ, ಪ, ಪಪನಿದಪ. ಷಡ್ಜದ ಮೇಲೆ ಒಂದು ಚಿಕ್ಕ ಸುತ್ತು, ಪಂಚಮದ ಮೇಲೆ ಅದೇ ಅಚ್ಚಿನ ಇನ್ನೊಂದು ಸುತ್ತು. ಮುಂದಿನ ಅರ್ಧದಲ್ಲಿ ಅದೇ ಅಚ್ಚು ಬೇರೆ ಸ್ವರಗಳ ಮೇಲೆ ಕೂತು ಕೊನೆಗೆ ಮನೆಗೆ ವಾಪಸ್. ಮುಗಿಯಿತು. ಅರ್ಧ ನಿಮಿಷವೂ ಇಲ್ಲ. ಇಷ್ಟು ಬೋಳಾಗಿರುವುದೇ ಇದರ ಶಕ್ತಿ. ಅಸ್ಥಿಪಂಜರ ಎಷ್ಟು ಗಟ್ಟಿ ಅಂದರೆ ಮೇಲಿನ ಮೈಯನ್ನೆಲ್ಲ ತೆಗೆದರೂ ಗುರುತು ಸಿಗುತ್ತದೆ. ಪಗನೀನಿಯೇ ಇದರ ಮೇಲೆ 11 ವೇರಿಯೇಷನ್ ಮತ್ತು ಒಂದು ಮುಕ್ತಾಯ ಕಟ್ಟಿದ. ಒಂದರಲ್ಲಿ ಎಂಟು ಸ್ವರ ಅಂತರದ ಜೋಡಿ, ಒಂದರಲ್ಲಿ ಮೂರು ತಂತಿ ಒಟ್ಟಿಗೆ. 9ನೇ ವೇರಿಯೇಷನ್ನಿನಲ್ಲಿ ಕಮಾನಿನ ಜೊತೆಗೇ ಎಡಗೈ ಬೆರಳಿನಿಂದ ತಂತಿ ಮೀಟಬೇಕು. ಮಾವನವರಿಗೆ ಇದನ್ನು ‘ಸಂಗತಿ’ ಅಂತ ಹೇಳಿ ನೋಡಿ. ಒಂದು ಸಾಲನ್ನು ಮೊದಲು ಸಾದಾ ಹಾಡಿ, ಆಮೇಲೆ ಸಂಗತಿ ಮೇಲೆ ಸಂಗತಿ ಹಾಕುತ್ತೇವಲ್ಲ, ಹಾಗೆ. ವ್ಯತ್ಯಾಸ ಇಷ್ಟೇ. ಸಂಗತಿಯಲ್ಲಿ ರಾಗ, ಸಾಹಿತ್ಯ ಹಾಗೇ ಉಳಿಯುತ್ತವೆ. ಇಲ್ಲಿ ಅಸ್ಥಿಪಂಜರ ಬಿಟ್ಟು ಉಳಿದದ್ದೆಲ್ಲ ಬದಲಾಗಬಹುದು.

ಬೇರೆ ಸಂಗೀತಗಾರರಿಗೆ ಈ ಹುಚ್ಚು ಹಿಡಿದದ್ದು ಮಾತ್ರ ವಸ್ತುವಿನಿಂದಲೇ ಅಲ್ಲ. 1830ರ ಏಪ್ರಿಲ್‌ನಲ್ಲಿ ಫ್ರಾಂಕ್‌ಫರ್ಟ್‌ಗೆ ಹೋಗಿ ಜರ್ಮನಿಯ ಸಂಗೀತ ರಚನೆಕಾರ ಶೂಮನ್ ಪಗನೀನಿಯನ್ನು ಕೇಳಿದ. ಆಗ ಅವನು 19ರ ಹುಡುಗ, ಕಾನೂನು ಓದುತ್ತಿದ್ದ. ಅದೇ ಬೇಸಿಗೆಯಲ್ಲಿ ಕಾನೂನು ಬಿಟ್ಟು ಸಂಗೀತಕ್ಕೆ ಹೋಗುತ್ತೇನೆ ಅಂತ ತಾಯಿಗೆ ಪತ್ರ ಬರೆದ. 1832 ಮತ್ತು 1833ರಲ್ಲಿ ಎರಡು ಕಂತಾಗಿ ಹನ್ನೆರಡು ಕ್ಯಾಪ್ರಿಸ್‌ಗಳನ್ನು ಪಿಯಾನೋಗೆ ತಂದ. ಅದೇ ಹೊತ್ತಿಗೆ ಅವನ ಬಲಗೈ ಬೆರಳು ಕೆಟ್ಟಿತು ಅನ್ನುವುದನ್ನು ಮಗಳಿಗೆ ದಯವಿಟ್ಟು ಹೇಳಿ. ಬೆರಳಿಗೆ ಸಾಧನ ಕಟ್ಟಿಕೊಂಡು ಅತಿಯಾಗಿ ಸಾಧಕ ಮಾಡಿದ್ದೇ ಕಾರಣ ಅಂತ ಕೆಲವರು, ಬೇರೆ ಕಾಯಿಲೆ ಅಂತ ಕೆಲವರು. ಏನೇ ಇರಲಿ, ಪಿಯಾನೋ ವಾದಕನಾಗುವ ಅವನ ಆಸೆ ಅಲ್ಲಿಗೇ ಮುಗಿಯಿತು.

ಲಿಸ್ಟ್ ಕೇಳಿದ್ದು 1832ರ ಏಪ್ರಿಲ್‌ನಲ್ಲಿ, ಕಾಲರಾ ಹರಡಿದ್ದ ಪ್ಯಾರಿಸ್ಸಿನಲ್ಲಿ. ಅವನಿಗೆ ಆಗ 20. ಆಗಲೇ ಹೆಸರಾಂತ ಪಿಯಾನೋ ವಾದಕ. ಕೆಲವೇ ದಿನಗಳ ನಂತರ ಗೆಳೆಯನಿಗೆ ಒಂದು ಪತ್ರ ಬರೆದಿದ್ದಾನೆ. ದಿನಕ್ಕೆ ನಾಲ್ಕೈದು ಗಂಟೆ ಬೆರಳಿನ ಸಾಧಕ ಮಾಡುತ್ತಿದ್ದೇನೆ ಅನ್ನುತ್ತಾನೆ. ಅದರ ಜೊತೆಯಲ್ಲೇ ಹೋಮರ್, ಬೈಬಲ್, ಪ್ಲೇಟೋ, ಬಾಖ್, ಬೀಥೋವನ್ ಎಲ್ಲರನ್ನೂ ಅರೆದು ಕುಡಿಯುತ್ತಿದ್ದೇನೆ ಅನ್ನುತ್ತಾನೆ. ಈ ಪತ್ರ ನನಗೆ ಬಹಳ ಇಷ್ಟ. ಪಗನೀನಿಯನ್ನು ಕೇಳಿ ಬಂದವನಿಗೆ ಬರೀ ಬೆರಳು ಚುರುಕಾಗಬೇಕು ಅನ್ನಿಸಲಿಲ್ಲ. ತಾನೇ ಇನ್ನೂ ದೊಡ್ಡವನಾಗಬೇಕು ಅನ್ನಿಸಿತು. ನಾಲ್ಕು ತಂತಿಯ ಒಂದು ವಾದ್ಯ ಇಡೀ ಮೇಳದ ಹಾಗೆ ಮಾತಾಡುತ್ತಿರುವಾಗ, ಇಷ್ಟೊಂದು ಮನೆಗಳಿರುವ ನನ್ನ ವಾದ್ಯವನ್ನು ನಾನು ಇನ್ನೂ ಪೂರ್ತಿ ತೆರೆದೇ ಇಲ್ಲವಲ್ಲ ಅನ್ನುವ ಚಡಪಡಿಕೆ ಅದು. 1838ರಲ್ಲಿ ಅವನು ಪಿಯಾನೋ ಅಭ್ಯಾಸಕ್ಕೆ ಬರೆದ ಆರು ಪಗನೀನಿ ಎಟ್ಯೂಡ್‌ಗಳು ಎಷ್ಟು ಕಠಿಣ ಅಂದರೆ, 1851ರಲ್ಲಿ ಅವನೇ ಅವನ್ನು ತಿದ್ದಿ ಹಗುರ ಮಾಡಿದ. ಆ ಆರರಲ್ಲಿ ಐದು ಕ್ಯಾಪ್ರಿಸ್‌ಗಳಿಂದ ಬಂದವು. ಒಂದು, ‘ಲಾ ಕಂಪನೆಲ್ಲಾ’, ಪಗನೀನಿಯ ಎರಡನೇ ಕನ್ಸರ್ಟೋದಿಂದ ಬಂದದ್ದು.

ಬ್ರಾಮ್ಸ್ ಪಗನೀನಿಯನ್ನು ಕೇಳಿದವನೇ ಅಲ್ಲ. ಹುಟ್ಟಿದ್ದು 1833ರಲ್ಲಿ. ಆದರೂ 1862–63ರಲ್ಲಿ 24ನೆಯದರ ಮೇಲೆ ಎರಡು ಪುಸ್ತಕ ಬರೆದ, ಒಂದೊಂದರಲ್ಲಿ 14 ವೇರಿಯೇಷನ್. ಹೆಸರಿನ ಜೊತೆ ‘ಪಿಯಾನೋಗೆ ಅಭ್ಯಾಸಗಳು’ ಅಂತಲೂ ಬರೆದ. ಮೊದಲ ವೇರಿಯೇಷನ್ನಿನಲ್ಲಿ ಬಲಗೈಗೆ ಒಂದು ಕಷ್ಟ, ಎರಡನೇ ವೇರಿಯೇಷನ್ನಿನಲ್ಲಿ ಅದೇ ಕಷ್ಟ ಎಡಗೈಗೆ. ಪಗನೀನಿಯ ರಾಗವನ್ನಷ್ಟೇ ಅಲ್ಲ, ಅವನ ಕೆಲಸದ ರೀತಿಯನ್ನೂ ಎತ್ತಿಕೊಂಡಿದ್ದಾನೆ ಇಲ್ಲಿ. ಶೂಮನ್ನನ ಹೆಂಡತಿ, ಪಿಯಾನೋ ವಾದಕಿ ಕ್ಲಾರಾ ಶೂಮನ್ ಇವನ್ನು ಮಾಟಗಾತಿಯ ವೇರಿಯೇಷನ್‌ಗಳು ಅಂತ ಕರೆದಳು.

ರಾಖ್ಮಾನಿನೋವ್ 1934ರ ಬೇಸಿಗೆಯಲ್ಲಿ, ಸ್ವಿಟ್ಜರ್‌ಲೆಂಡಿನ ಕೆರೆಯಂಚಿನ ಮನೆಯಲ್ಲಿ ಕೂತು ಇದೇ ವಸ್ತುವಿನ ಮೇಲೆ ಪಿಯಾನೋ ಮತ್ತು ಆರ್ಕೆಸ್ಟ್ರಾಕ್ಕೆ ‘ರಾಪ್ಸೊಡಿ’ ಬರೆದ. ಚಿಕ್ಕ ಪೀಠಿಕೆಯ ನಂತರ ಅಲ್ಲಿ ಮೊದಲು ಬರುವುದು ವಸ್ತುವಲ್ಲ, ಮೊದಲ ವೇರಿಯೇಷನ್. ಬರೀ ಅಸ್ಥಿಪಂಜರ. ಒಂದೊಂದೇ ಸ್ವರ ಕುಕ್ಕಿದ ಹಾಗೆ: ಸ… ಪ… ಆಮೇಲೆ ಪಿಟೀಲುಗಳು ಪೂರ್ತಿ ವಸ್ತು ನುಡಿಸುತ್ತವೆ. 7ನೆಯದರಲ್ಲಿ ‘ಡೀಯೆಸ್ ಈರೇ’ ಎಂಬ ಹಳೆಯ ಶವಸಂಸ್ಕಾರದ ಹಾಡು ನುಸುಳುತ್ತದೆ. ದೆವ್ವದ ಕತೆ ಇಲ್ಲಿ ಸಂಗೀತದ ಒಳಗೇ ಬಂತು. ಮತ್ತೆ 18ನೆಯದು. ಅದರ ರಾಗ ಎಷ್ಟೋ ಮಂದಿಗೆ ಗೊತ್ತು, ಆದರೆ ಅದು ಪಗನೀನಿಯ ವಸ್ತುವೇ ಅಂತ ಗೊತ್ತಿರುವುದಿಲ್ಲ. ನನ್ನ ಮಕ್ಕಳಿಗೆ ನಾನು ಹೀಗೆ ತೋರಿಸುತ್ತೇನೆ. ವಸ್ತುವಿನ ಸ್ವರಲಿಪಿಯನ್ನು ದೊಡ್ಡದಾಗಿ ಹಾಳೆಯ ಮೇಲೆ ಬರೆಸಿ, ಸಾಲಿನ ಕೆಳಗೆ ಒಂದು ಪುಟ್ಟ ಕನ್ನಡಿ ನಿಲ್ಲಿಸುತ್ತೇನೆ. ಹಾಳೆಯಲ್ಲಿ ಹಾರಿ ಮೇಲೇರಿ ಮೆಟ್ಟಿಲಿಳಿಯುವ ಸುತ್ತು, ಕನ್ನಡಿಯಲ್ಲಿ ಕೆಳಗಿಳಿದು ಮೆಟ್ಟಿಲೇರುತ್ತದೆ. ಅದನ್ನು ನಿಧಾನಕ್ಕೆ, ಮೇಜರ್ ಸ್ಕೇಲಿನಲ್ಲಿ ಹಾಡಿ ಅನ್ನುತ್ತೇನೆ. ಒಂದಿಬ್ಬರು ಹಾಡುತ್ತಾ ಹಾಡುತ್ತಾ ಗಪ್ಪನೆ ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. ಆ ಚುರುಕಾದ, ಚೂಪಾದ ಸುತ್ತಿನ ಒಳಗೆ ಇಷ್ಟು ಮೃದುವಾದದ್ದು ಅಡಗಿ ಕೂತಿತ್ತು.

ಪೋಲೆಂಡಿನ ಸಂಗೀತ ರಚನೆಕಾರ ಲುಟೊಸ್ವಾವ್ಸ್ಕಿಯದು ಇನ್ನೊಂದು ಥರ. ನಾಜಿಗಳು ಹಿಡಿದಿದ್ದ ವಾರ್ಸಾದಲ್ಲಿ ಅವನೂ ಗೆಳೆಯ ಪನುಫ್ನಿಕ್ಕೂ ಹೊಟ್ಟೆಪಾಡಿಗೆ ಕೆಫೆಗಳಲ್ಲಿ ಎರಡು ಪಿಯಾನೋ ನುಡಿಸುತ್ತಿದ್ದರು. ಅದಕ್ಕಾಗಿ 200ಕ್ಕೂ ಜಾಸ್ತಿ ತುಣುಕು ಸಿದ್ಧ ಮಾಡಿಕೊಂಡಿದ್ದರು. 1944ರ ದಂಗೆಯಲ್ಲಿ ಊರು ಉರಿದಾಗ ಅವು ಹೆಚ್ಚುಕಡಿಮೆ ಎಲ್ಲ ಹೋದವು. 1941ರಲ್ಲಿ 24ನೇ ಕ್ಯಾಪ್ರಿಸ್ ಮೇಲೆ ಬರೆದ ವೇರಿಯೇಷನ್‌ಗಳು ಉಳಿದವು.

ಪಿಟೀಲಿನವರೇ ಆದ ಇಸಾಯ್ ಮಾತ್ರ ಬಾಖ್‌ನ ಕಡೆಗೆ ತಿರುಗಿದರು. ಸಿಗೆಟಿ ಎಂಬ ಪಿಟೀಲುವಾದಕ ನುಡಿಸಿದ ಬಾಖ್ ಕೇಳಿ, 1923ರಲ್ಲಿ ಒಂಟಿ ಪಿಟೀಲಿಗೆ ಆರು ಸೊನಾಟಾ ಬರೆದು, ಒಂದೊಂದನ್ನೂ ಒಬ್ಬೊಬ್ಬ ಪಿಟೀಲುವಾದಕರಿಗೆ ಅರ್ಪಿಸಿದರು. ಮಗಳು ಮುಂದೊಂದು ದಿನ ಅಲ್ಲಿಗೂ ಹೋಗುತ್ತಾಳೆ.

ಈಗ ಏನು ಮಾಡುವುದು? ವೈದ್ಯರು ‘ನುಡಿಸಬಹುದು’ ಅಂದ ಮೇಲಿನ ಮಾತು ಇದು.

24ನೆಯದನ್ನೇ ಮುಂದುವರಿಸಬಹುದು. ಹಟ ಇರುವ ಮಕ್ಕಳು ಕಲಿತುಬಿಡುತ್ತಾರೆ ಕೂಡ. ಆದರೆ 6ನೇ ವೇರಿಯೇಷನ್‌ನ ಹತ್ತರ ಜೋಡಿಗಳು ಅವಳ ಈಗಿನ ಮಣಿಕಟ್ಟಿಗೆ ನೇರ ಅಪಾಯ. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ತಯಾರಿಲ್ಲದೆ ಕಲಿತದ್ದು ತಪ್ಪು ಅಭ್ಯಾಸವಾಗಿ ಕೈಯಲ್ಲೇ ಕೂರುತ್ತದೆ. ಅದನ್ನು ಬಿಡಿಸಲು ಹೊಸದಾಗಿ ಕಲಿಸುವುದಕ್ಕಿಂತ ಜಾಸ್ತಿ ಸಮಯ ಬೇಕು. ನಾನು ಇದನ್ನು ಒಪ್ಪುವುದಿಲ್ಲ.

ಪಗನೀನಿಯನ್ನೇ ಎರಡು ವರ್ಷ ಮುಚ್ಚಿಟ್ಟು ಕ್ರಾಯ್ಟ್ಸರ್, ರೋಡ್, ಡೋಂಟ್ ಬರೆದ ಪಿಟೀಲು ಅಭ್ಯಾಸ ಪುಸ್ತಕಗಳನ್ನು ಮುಗಿಸಬಹುದು. ಅವಳ ಮೇಷ್ಟ್ರು ಹೇಳುತ್ತಿರುವುದು ಬಹುಶಃ ಇದನ್ನೇ. ಕೈಗೆ ಇದಕ್ಕಿಂತ ಸುರಕ್ಷಿತ ದಾರಿ ಇಲ್ಲ. ಆದರೆ 15 ವರ್ಷದ ಹುಡುಗಿ ತಾನೇ ಆರಿಸಿಕೊಂಡು ಪ್ರೀತಿಸಿದ ಒಂದೇ ಒಂದು ತುಣುಕನ್ನು ಕಿತ್ತುಕೊಂಡರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ಕೆಲವರು ಪಿಟೀಲನ್ನೇ ಬಿಟ್ಟುಬಿಡುತ್ತಾರೆ.

ನನ್ನ ಸಲಹೆ ಇವೆರಡರ ನಡುವಿನದು. ಡೋಂಟ್, ರೋಡ್ ಜೊತೆಗೆ 16ನೇ ಕ್ಯಾಪ್ರಿಸ್ ಕೊಡಿಸಿ. ಕೈ ಚಾಚುವ ಕೆಲಸ ಅದರಲ್ಲಿ ಕಮ್ಮಿ. ನಿಧಾನಕ್ಕೆ, ಒಂದು ಸಲಕ್ಕೆ ಹತ್ತೇ ನಿಮಿಷ. ನಡುವೆ ಕೈ ಕೆಳಗಿಳಿಸಿ ವಿಶ್ರಾಂತಿ. 24ನೆಯದರಲ್ಲಿ ವಸ್ತುವನ್ನು ಮಾತ್ರ ನುಡಿಸಲಿ, ಅದೂ ಹತ್ತು ಬೇರೆ ಬೇರೆ ಭಾವದಲ್ಲಿ. ವೇರಿಯೇಷನ್‌ಗಳನ್ನು ಸದ್ಯಕ್ಕೆ ಕೇಳಲಿ, ತಾನೇ ಎರಡು ಬರೆಯಲಿ. ಲಿಸ್ಟ್, ಬ್ರಾಮ್ಸ್ ಮಾಡಿದ್ದು ಅದನ್ನೇ ಅಲ್ವಾ? ಇದರಲ್ಲೂ ಒಂದು ಅಪಾಯ ಇದೆ. ಬಾಗಿಲು ಮುಚ್ಚಿಕೊಂಡು ಕದ್ದು 6ನೆಯದನ್ನು ನುಡಿಸುತ್ತಾಳೆ. ಬೈಯಬೇಡಿ, ಶೂಮನ್ ಕತೆ ಹೇಳಿ. ಮೇಷ್ಟ್ರಿಗೂ ಈ ಪತ್ರ ತೋರಿಸಿ. ಅವಳ ಕೈಯನ್ನು ಕಣ್ಣಾರೆ ನೋಡುತ್ತಿರುವವರು ಅವರು. ಕೊನೆಯ ಮಾತು ಅವರದೇ ಆಗಿರಲಿ.

ಮಾವನವರಿಗೆ ನೇರ 24ನೆಯದನ್ನು ಕೇಳಿಸಬೇಡಿ. ಪಗನೀನಿಯ ಪಿಟೀಲಿಗೆ ಅದರ ದನಿಯ ಜೋರಿನಿಂದ ‘ಫಿರಂಗಿ’ ಅಂತ ಹೆಸರು ಬಂದಿತ್ತು, ಅದು ಈಗಲೂ ಜೆನೋವಾದಲ್ಲಿದೆ ಅಂತ ಮೊದಲು ಹೇಳಿ. ಮೈಕು ಇಲ್ಲದ ಕಾಲದಲ್ಲಿ ಕೊನೇ ಸಾಲಿನವರಿಗೂ ಕೇಳಬೇಕು ಅಂತ ಏಳು ತಂತಿಯ ಪಿಟೀಲು ಮಾಡಿಸಿಕೊಂಡ ಚೌಡಯ್ಯನವರನ್ನು ಕೇಳಿದ ಕಿವಿಗೆ ಅದು ತಕ್ಷಣ ಅರ್ಥವಾಗುತ್ತದೆ. ಆಮೇಲೆ 20ನೇ ಕ್ಯಾಪ್ರಿಸ್ ಹಾಕಿ. ಅದರ ಶುರುವಿನಲ್ಲಿ ಡಿ ತಂತಿಯನ್ನು ಬೆರಳಿಡದೆ ಹಾಗೇ ಮೊಳಗಲು ಬಿಟ್ಟು, ಪಕ್ಕದ ತಂತಿಯಲ್ಲಿ ರಾಗ ನಡೆಯುತ್ತದೆ. ಏನೂ ವಿವರಿಸಬೇಡಿ. ಆ ಕೆಳಗಿನ ಶ್ರುತಿಯನ್ನು ಅವರೇ ಹಿಡಿಯುತ್ತಾರೆ ಅಂತ ನನ್ನ ನಂಬಿಕೆ. ಕೇಳಿ ಏನಂದರು ಅಂತ ನನಗೆ ಬರೆಯಿರಿ. ವೈದ್ಯರು ಏನಂದರು ಅಂತಲೂ.